ನಲವತ್ತೆರಡರ ವಯಸ್ಸಿನಲ್ಲಿ ಅಲ್‌ಹಮ್ದು ತಿದ್ದಿಕೊಳ್ಳಬಹುದೇ?

ಪ್ರಶ್ನೆ: ಅಸ್ಸಲಾಮು ಅಲೈಕುಮ್ ಹಜರತ್. ನಾನು ಶಿಡ್ಲಘಟ್ಟದವನು, ವಯಸ್ಸು 42. ರೇಷ್ಮೆ ನೂಲು ಬಿಚ್ಚುವ ಸಣ್ಣ ಘಟಕ ನಡೆಸುತ್ತೇನೆ. ಮನೆಮಾತು ದಖನಿ, ಓದಿದ್ದು ಕನ್ನಡ ಮಾಧ್ಯಮದಲ್ಲಿ. ಹತ್ತು ವರ್ಷದವನಿದ್ದಾಗ ತಂದೆಯ ಜೊತೆ ಕೆಲಸಕ್ಕೆ ನಿಂತಿದ್ದರಿಂದ ಕುರ್‌ಆನ್ ಓದು ಕಲಿಸುವ ಮಕ್ತಬ್ ಅರ್ಧಕ್ಕೇ ನಿಂತಿತು. ಅಲ್‌ಹಮ್ದು (ಕುರ್‌ಆನ್‌ನ ಮೊದಲ ಅಧ್ಯಾಯ, ಸೂರಾ ಫಾತಿಹಾ) ಮತ್ತು ಎಂಟು ಹತ್ತು ಸಣ್ಣ ಸೂರಾಗಳನ್ನು ಕನ್ನಡ ಲಿಪಿಯ ಕಿರುಪುಸ್ತಕ ನೋಡಿ ಬಾಯಿಪಾಠ ಮಾಡಿಕೊಂಡಿದ್ದೇನೆ. ಈಗ ಒಂಬತ್ತು ವರ್ಷದ ಮಗ ಮಕ್ತಬ್‌ಗೆ ಹೋಗುತ್ತಿದ್ದಾನೆ. ಮೊನ್ನೆ ಅವನು, 'ಅಬ್ಬಾ, ನೀವು ಖುಲ್ ಹುವಲ್ಲಾಹು ಅನ್ನುತ್ತೀರಿ, ಅದು ತಪ್ಪು. ಅಹದು ಅನ್ನುತ್ತೀರಿ, ಅದೂ ತಪ್ಪು' ಎಂದ. ಮಸೀದಿಯಲ್ಲಿ ಹಿರಿಯರೊಬ್ಬರನ್ನು ಕೇಳಿದಾಗ, ತಜ್ವೀದ್ (ಕುರ್‌ಆನ್‌ನ ಶುದ್ಧ ಉಚ್ಚಾರಣೆ) ಇಲ್ಲದ ಓದಿನ ನಮಾಜ್ ನಮಾಜೇ ಅಲ್ಲ ಎಂದುಬಿಟ್ಟರು. ಅಂದಿನಿಂದ ಗಟ್ಟಿಯಾಗಿ ಓದಲು ಭಯವಾಗಿದೆ. ಇಷ್ಟು ವರ್ಷಗಳ ನಮಾಜ್ ವ್ಯರ್ಥವಾಯಿತೇ? ಈ ವಯಸ್ಸಿನಲ್ಲಿ ನಾಲಿಗೆ ಹೊರಳುತ್ತದೆಯೇ? ಕನ್ನಡ ಲಿಪಿಯ ಪುಸ್ತಕ ಬಿಡಬೇಕೇ? ಮೊಬೈಲ್‌ನಲ್ಲಿ ಕಲಿಯಬಹುದೇ, ಅಥವಾ ಮಕ್ಕಳ ಜೊತೆ ಮಕ್ತಬ್‌ನಲ್ಲಿ ಕೂರಬೇಕೇ?

ಉತ್ತರ: ವ ಅಲೈಕುಮ್ ಅಸ್ಸಲಾಮ್. ತುಮಕೂರಿನಲ್ಲಿ ದೊಡ್ಡವರಿಗೆ ತಜ್ವೀದ್ ಕಲಿಸುತ್ತ ಇಪ್ಪತ್ತೆರಡು ವರ್ಷಗಳಾದವು. ನಿಮ್ಮ ಪತ್ರದಂಥ ಮಾತನ್ನು ಇಷ್ಟು ವರ್ಷಗಳಲ್ಲಿ ಎಷ್ಟೋ ಜನರ ಬಾಯಿಂದ ಕೇಳಿದ್ದೇನೆ. ಹೆಚ್ಚಿನವರು ಬಾಗಿಲ ಬಳಿ ನಿಂತು, ಬೇರೆ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು ಕೇಳುತ್ತಾರೆ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ ಮಾತು ಗಟ್ಟಿಯಾಗಿ ಓದಲು ಭಯವಾಗಿದೆ ಎಂಬುದು. ಗಟ್ಟಿಯಾಗಿ ಓದದೆ ತಿದ್ದಿಕೊಳ್ಳಲು ಸಾಧ್ಯವೇ ಇಲ್ಲದ ಕಾರಣ ಮೊದಲು ಆ ಭಯವನ್ನು ನೋಡೋಣ.

ನಮಾಜ್ ಸಿಂಧುವೋ ಅಲ್ಲವೋ ಎಂಬುದು ಧರ್ಮಶಾಸ್ತ್ರ ಬಲ್ಲ ಮುಫ್ತಿಗಳು ಹೇಳಬೇಕಾದ ಮಾತು. ನಾನು ಉಚ್ಚಾರಣೆ ಕಲಿಸುವವನು. ಆದರೂ ಆ ಹಿರಿಯರ ಮಾತಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಕಲಸಿಹೋಗಿರುವುದನ್ನು ಬಿಡಿಸಿ ಹೇಳಬಲ್ಲೆ. ತಜ್ವೀದ್ ಶಾಸ್ತ್ರ ತಪ್ಪುಗಳನ್ನು ಎರಡು ಬಗೆಯಾಗಿ ನೋಡುತ್ತದೆ. ಒಂದು ಅಕ್ಷರದ ಜಾಗದಲ್ಲಿ ಇನ್ನೊಂದನ್ನು ಹೇಳುವುದು, ಜಬರ್ (ಅಕಾರದ ಗುರುತು) ಇರುವಲ್ಲಿ ಪೇಶ್ (ಉಕಾರದ ಗುರುತು) ಹಾಕುವುದು, ತಶ್ದೀದ್ (ಅಕ್ಷರವನ್ನು ಒತ್ತಿ ನುಡಿಯುವ ಗುರುತು) ಬಿಡುವುದು, ಇವೆಲ್ಲ 'ಲಹ್ನೆ ಜಲೀ', ಅಂದರೆ ಎದ್ದು ಕಾಣುವ ತಪ್ಪುಗಳು. ಗುನ್ನಾದ ಮೂಗುದನಿಯನ್ನು ಪೂರ್ತಿ ಹಿಡಿಯದಿರುವುದು, ನಾಲ್ಕು ಎಣಿಕೆ ಎಳೆಯಬೇಕಾದ ಮದ್ (ದೀರ್ಘ ಸ್ವರ) ಅನ್ನು ಮೂರಕ್ಕೆ ನಿಲ್ಲಿಸುವುದು 'ಲಹ್ನೆ ಖಫೀ', ಬಲ್ಲವರಿಗೆ ಮಾತ್ರ ಕೇಳಿಸುವ ತಪ್ಪುಗಳು. ಮೊದಲನೆಯದನ್ನು ತಿದ್ದಿಕೊಳ್ಳುವ ಹೊಣೆ ಓದುವ ಪ್ರತಿಯೊಬ್ಬರ ಮೇಲೂ ಇದೆ. ಎರಡನೆಯದು ಓದಿನ ಸೊಬಗಿಗೆ ಸೇರಿದ್ದು. ಅದರ ಕೊರತೆಗಾಗಿ ಯಾರ ನಮಾಜನ್ನೂ ಅಳೆಯುವುದು ಸರಿಯಲ್ಲ.

ಭಯಪಡಿಸುವವರು ಸಾಮಾನ್ಯವಾಗಿ ಇಮಾಮ್ ಇಬ್ನುಲ್ ಜಜರಿಯವರ ಪದ್ಯದ ಸಾಲೊಂದನ್ನು ಎತ್ತಿ ಹೇಳುತ್ತಾರೆ. ಡಮಾಸ್ಕಸ್‌ನಲ್ಲಿ 1350ರಲ್ಲಿ ಹುಟ್ಟಿ 1429ರಲ್ಲಿ ಶಿರಾಜ್‌ನಲ್ಲಿ ತೀರಿಕೊಂಡ ಈ ವಿದ್ವಾಂಸರ ಮಾತು ಈ ವಿದ್ಯೆಯಲ್ಲಿ ಕೊನೆಯ ಮಾತೇ ಹೌದು, ಮತ್ತು ತಜ್ವೀದ್ ಇಲ್ಲದೆ ಓದುವವನು ತಪ್ಪಿತಸ್ಥ ಎಂದು ಅವರು ಬರೆದಿರುವುದೂ ನಿಜ. ಆದರೆ ಅದೇ ಇಮಾಮರು ಇನ್ನೊಂದೆಡೆ ಓದುಗರನ್ನು ವಿಂಗಡಿಸುವಾಗ, ಚೆನ್ನಾಗಿ ಓದಿ ಪ್ರತಿಫಲ ಪಡೆಯುವವನು, ಸಾಧ್ಯವಿದ್ದೂ ಅಸಡ್ಡೆ ಮಾಡಿ ತಪ್ಪಿತಸ್ಥನಾಗುವವನು ಎಂಬ ಇಬ್ಬರ ಜೊತೆಗೆ, ನಾಲಿಗೆ ಹೊರಳದೆ ಅಥವಾ ಕಲಿಸುವವರು ಸಿಗದೆ ವಿನಾಯಿತಿ ಪಡೆದ ಮೂರನೆಯವನನ್ನೂ ಹೇಳುತ್ತಾರೆ. ಹತ್ತು ವರ್ಷಕ್ಕೇ ಗೂಡು ಬೇಯಿಸುವ ಬಿಸಿನೀರಿನ ಮುಂದೆ ನಿಂತ ಹುಡುಗ ಇವರಲ್ಲಿ ಯಾರ ಸಾಲಿಗೆ ಸೇರುತ್ತಾನೆಂದು ನೀವೇ ಯೋಚಿಸಿ. ನಮ್ಮ ಸೀಮೆಯಲ್ಲಿ ಹೆಚ್ಚಿನವರು ಅನುಸರಿಸುವ ಹನಫೀ ಪಂಥದ ನಂತರದ ವಿದ್ವಾಂಸರು, ಬೇರೆ ಮಾಡಿ ನುಡಿಯಲು ಕಷ್ಟವಾದ ಸಮೀಪದ ಅಕ್ಷರಗಳ ವಿಷಯದಲ್ಲಿ ಸಾಮಾನ್ಯ ಜನರಿಗೆ ಸಡಿಲಿಕೆ ಕೊಟ್ಟಿದ್ದಾರೆ. ತೊದಲುತ್ತ, ಕಷ್ಟಪಟ್ಟು ಓದುವವನಿಗೆ ಎರಡು ಪ್ರತಿಫಲವಿದೆ ಎಂಬ ಹದೀಸ್ (ಪ್ರವಾದಿಯವರ ಮಾತು) ಹಜರತ್ ಆಯಿಶಾ ಅವರಿಂದ ಬಂದು ಬುಖಾರಿ, ಮುಸ್ಲಿಂ ಎಂಬ ಎರಡೂ ಹದೀಸ್ ಸಂಗ್ರಹಗಳಲ್ಲಿ ಇದೆ. ಆ ಮಾತು ಕಷ್ಟಪಡುವವನಿಗೆ, ಕಷ್ಟವನ್ನೇ ಬಿಟ್ಟವನಿಗಲ್ಲ. ನಿಮಗೆ ತಪ್ಪು ಗೊತ್ತಾಗಿದೆ, ತಿದ್ದುವ ಮನಸ್ಸೂ ಇದೆ. ಹಳೆಯ ನಮಾಜ್‌ಗಳ ಬಗ್ಗೆ ಸಂಶಯ ಉಳಿದಿದ್ದರೆ ಹತ್ತಿರದ ಮುಫ್ತಿಗಳನ್ನು ಒಮ್ಮೆ ಕೇಳಿ ಮನಸ್ಸು ಹಗುರ ಮಾಡಿಕೊಳ್ಳಿ. ತಿದ್ದುವ ಕೆಲಸವನ್ನು ಮಾತ್ರ ಆ ಉತ್ತರಕ್ಕಾಗಿ ಕಾಯಿಸಬೇಡಿ.

ಈಗ ಕೆಲಸ ಎಷ್ಟಿದೆ ಎಂದು ಅಳೆದು ನೋಡೋಣ, ಏಕೆಂದರೆ ಅಳತೆ ತಿಳಿಯದಿದ್ದಾಗ ಬೆಟ್ಟದಷ್ಟು ಕಾಣುತ್ತದೆ. ಅರಬಿಯ 28 ಅಕ್ಷರಗಳಲ್ಲಿ ಅಚ್ಚ ಕನ್ನಡದ ಬಾಯಿಗೆ ಹೊಸತಾದವು 13. ಮನೆಯಲ್ಲಿ ದಖನಿ ಆಡುವ ನಿಮಗೆ ಫೇ, ಜೇ, ಖೇ, ಗೈನ್ ಈ ನಾಲ್ಕು ಆಗಲೇ ಬರುತ್ತವೆ. ಉಳಿದವು ಒಂಬತ್ತು: ಸೇ, ದೊಡ್ಡ ಹೇ, ಜಾಲ್, ಸ್ವಾದ್, ಜ್ವಾದ್, ತೋಯ್, ಜೋಯ್, ಐನ್, ದೊಡ್ಡ ಕಾಫ್. ಇವುಗಳಲ್ಲಿ ಸೇ ಮತ್ತು ಜೋಯ್ ಸೂರಾ ಫಾತಿಹಾದಲ್ಲಿ ಬರುವುದೇ ಇಲ್ಲ. ಬಿಸ್ಮಿಲ್ಲಾಹ್ ಸೇರಿಸಿ ಎಣಿಸಿದರೆ ಐನ್ ಆರು ಸಲ, ದೊಡ್ಡ ಹೇ ಐದು ಸಲ, ಸ್ವಾದ್, ತೋಯ್, ಜ್ವಾದ್ ತಲಾ ಎರಡು ಸಲ, ಜಾಲ್ ಮತ್ತು ದೊಡ್ಡ ಕಾಫ್ ಒಂದೊಂದು ಸಲ. ಒಟ್ಟು ಏಳು ಅಕ್ಷರ, 19 ಸ್ಥಳ. ನಮಾಜಿನ ಪ್ರತಿ ರಕಾತಿನಲ್ಲಿ (ಸುತ್ತಿನಲ್ಲಿ) ಓದುವ ಸೂರಾದಲ್ಲಿ ನಿಮ್ಮ ನಾಲಿಗೆ ಹೊಸದಾಗಿ ಕಲಿಯಬೇಕಾದ ಅಕ್ಷರಗಳ ಲೆಕ್ಕ ಇಷ್ಟೇ. ಈ ಲೆಕ್ಕವನ್ನು ಹಲಗೆಯ ಮೇಲೆ ಬರೆದು ತೋರಿಸಿದಾಗ ಎಷ್ಟೋ ಹಿರಿಯರು ಮೊದಲ ಬಾರಿಗೆ ನೆಟ್ಟಗೆ ಕೂರುವುದನ್ನು ನೋಡಿದ್ದೇನೆ.

'ಕುಲ್ ಹುವಲ್ಲಾಹು ಅಹದ್' ಎಂಬ ಸಾಲಿನಲ್ಲಿ ನಿಮ್ಮ ಮಗ ಹಿಡಿದ ಎರಡು ತಪ್ಪುಗಳು ನಿಮ್ಮ ವೈಯಕ್ತಿಕ ತಪ್ಪುಗಳಲ್ಲ, ನಮ್ಮ ಸೀಮೆಯವು. ದೊಡ್ಡ ಕಾಫ್ ಅನ್ನು ದಖನಿ ಮಾತು ಖೇ ಮಾಡಿ ನುಡಿಯುತ್ತದೆ. ಗೋರಿಗೂ ಸುದ್ದಿಗೂ ನಮ್ಮ ಬೀದಿಯಲ್ಲಿ ಒಂದೇ 'ಖಬರ್'. ಮನೆಮಾತಿಗೆ ಅದು ತಪ್ಪಲ್ಲ, ಅದು ಆ ಮಾತಿನ ನಡೆ. ಆದರೆ ಅದೇ ನಡೆ 'ಕುಲ್'ಗೆ ಬಂದಾಗ 'ಖುಲ್' ಆಗುತ್ತದೆ. ಅದನ್ನು ತಿದ್ದಲು ಹೋಗಿ ಕನ್ನಡದ ಕ ನುಡಿದರೆ ಸಣ್ಣ ಕಾಫ್ ಆಗಿ ಅರ್ಥವೇ ಬದಲಾಗುತ್ತದೆ: ದೊಡ್ಡ ಕಾಫ್‌ನ 'ಕುಲ್' ಎಂದರೆ 'ಹೇಳು', ಸಣ್ಣ ಕಾಫ್‌ನದು 'ತಿನ್ನು'. 'ಕಲ್ಬ್' ದೊಡ್ಡದರಲ್ಲಿ ಹೃದಯ, ಸಣ್ಣದರಲ್ಲಿ ನಾಯಿ.

ಎರಡನೆಯ ತಪ್ಪು ಕನ್ನಡದಿಂದ ಬಂದದ್ದು. ವ್ಯಂಜನದಲ್ಲಿ ಮಾತು ನಿಲ್ಲಿಸುವುದು ಕನ್ನಡದ ಬಾಯಿಗೆ ಒಗ್ಗದು. 'ಬಸ್' 'ಬಸ್ಸು' ಆಗುತ್ತದೆ, 'ಕಾರ್' 'ಕಾರು' ಆಗುತ್ತದೆ, ಕೊನೆಯಲ್ಲೊಂದು ಉಕಾರ ಅಂಟಿಕೊಳ್ಳುತ್ತದೆ. 'ಅಹದ್' ಹಾಗೆಯೇ 'ಅಹದು' ಆಗಿದೆ. ಇದಕ್ಕೆ ಇನ್ನೊಂದು ಕಾರಣವೂ ಸೇರಿಕೊಳ್ಳುತ್ತದೆ. ದೊಡ್ಡ ಕಾಫ್, ತೋಯ್, ಬೇ, ಜೀಮ್, ದಾಲ್ ಈ ಐದು ಅಕ್ಷರಗಳ ಮೇಲೆ ಜಜ್ಮ್ (ಸ್ವರವಿಲ್ಲವೆಂಬ ಗುರುತು) ಇದ್ದಾಗ ಅಥವಾ ಅವುಗಳ ಮೇಲೆ ನಿಂತಾಗ ದನಿಗೆ ಸಣ್ಣ ಪುಟಿತ ಕೊಡಬೇಕು, ಅದನ್ನು 'ಕಲ್ಕಲಾ' ಎನ್ನುತ್ತಾರೆ. ಆ ಪುಟಿತವನ್ನು ಕಿವಿ ಉಕಾರವೆಂದು ತಪ್ಪಾಗಿ ಹಿಡಿಯುತ್ತದೆ. ಅಂಗೈಯನ್ನು ತುಟಿಯ ಮುಂದಿಟ್ಟುಕೊಂಡು 'ಅಹದ್' ಎಂದು ನೋಡಿ: ನಾಲಿಗೆಯ ತುದಿ ಮೇಲಿನ ಹಲ್ಲಿನ ಬುಡವನ್ನು ಮುಟ್ಟಿ ಚಟ್ಟನೆ ಬಿಡಬೇಕು, ತುಟಿಗಳು ಮಾತ್ರ ಕದಲಬಾರದು. ತುಟಿ ದುಂಡಗಾಯಿತೆಂದರೆ ಉಕಾರ ಬಂದಿತೆಂದೇ ಅರ್ಥ. ಕನ್ನಡಿಯ ಮುಂದೆ ಮೂರು ದಿನ ಹೀಗೆ ಮಾಡಿದರೆ ಸಾಕು, ಈ ತಪ್ಪು ಬೇಗ ಬಿಡುತ್ತದೆ.

ನೀವು ಕೇಳದ ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ನಮ್ಮ ಹಳ್ಳಿಗಾಡಿನ ಮಾತಿನಲ್ಲಿ ಹಕಾರ ಕಳೆದುಹೋಗುತ್ತದೆ. ಹಾಲು ಆಲಾಗುತ್ತದೆ, ಹಸು ಅಸುವಾಗುತ್ತದೆ. 'ಇಹ್ದಿನಾ' ಎಂಬುದು ಅನೇಕರ ಬಾಯಲ್ಲಿ 'ಈದಿನಾ' ಆಗಿರುವುದು ಇದರಿಂದಲೇ. ಅಲ್ಲಿ ಸಣ್ಣ ಹೇ ಇದೆ, ಅದಕ್ಕೆ ಉಸಿರು ಕೊಡಬೇಕು.

ವಯಸ್ಸಿನ ಪ್ರಶ್ನೆಗೆ ಬರುತ್ತೇನೆ. ದೊಡ್ಡವರ ನಾಲಿಗೆ ಗಟ್ಟಿಯಾಗಿರುತ್ತದೆ ಎಂಬುದು ತಪ್ಪು ಕಲ್ಪನೆ. ಗಟ್ಟಿಯಾಗಿರುವುದು ಕಿವಿ. ಚಿಕ್ಕಂದಿನಿಂದ ಒಂದೇ ಎಂದು ಕೇಳಿದ ಎರಡು ದನಿಗಳನ್ನು ದೊಡ್ಡವರ ಕಿವಿ ಒಂದೇ ಡಬ್ಬಿಗೆ ಹಾಕಿಬಿಡುತ್ತದೆ, ಆದ್ದರಿಂದ ನಾಲಿಗೆಗೆ ಎಲ್ಲಿ ಹೋಗಬೇಕೆಂದು ಗುರಿಯೇ ಇರುವುದಿಲ್ಲ. ಹೀಗಾಗಿ ನಾನು ಮೊದಲ ವಾರ ಯಾರಿಗೂ ಓದಿಸುವುದಿಲ್ಲ. ಬೆನ್ನು ಹಾಕಿ ಕೂರಿಸಿ, 'ಕಲ್ಬ್' ಎಂದು ಎರಡು ಕಾಫ್‌ಗಳಲ್ಲಿ ಒಂದನ್ನು ಹಿಡಿದು ನುಡಿಯುತ್ತೇನೆ. ಅವರು ದೊಡ್ಡದೋ ಸಣ್ಣದೋ ಎಂದು ಕೈ ಎತ್ತಿ ಹೇಳಬೇಕು. ಹತ್ತಕ್ಕೆ ಒಂಬತ್ತು ಸರಿಯಾದ ಮೇಲೆ ಬಾಯಿಗೆ ಬರುತ್ತೇವೆ. ಪಾವಗಡದ ಕಡೆಯ ಕಡಲೆಕಾಯಿ ವ್ಯಾಪಾರಿಯೊಬ್ಬರು, ಅರವತ್ತು ದಾಟಿದವರು, ಐನ್ ಅಕ್ಷರಕ್ಕಾಗಿ ಮೂರು ತಿಂಗಳು ತೆಗೆದುಕೊಂಡರು. ಅದರಲ್ಲಿ ಎರಡೂವರೆ ತಿಂಗಳು ಹೋದದ್ದು ಅದನ್ನು ಕೇಳಿಸಿಕೊಳ್ಳುವುದಕ್ಕೆ. ಕೇಳಿಸಿದ ದಿನ ಅವರ ಕಣ್ಣಲ್ಲಿ ನೀರು ಬಂತು, ನುಡಿಯಲು ಬಂದದ್ದು ಅದರ ಮುಂದಿನ ವಾರ. ಇಬ್ನುಲ್ ಜಜರಿಯವರೇ ಹೇಳಿದ್ದಾರೆ: ತಜ್ವೀದ್ ಬಂದವನಿಗೂ ಬಾರದವನಿಗೂ ನಡುವೆ ಇರುವುದು ದವಡೆಯ ಅಭ್ಯಾಸವೊಂದೇ.

ದೊಡ್ಡ ಕಾಫ್ ಅನ್ನು ಹೀಗೆ ಹುಡುಕಿ. 'ಅಕ್' ಎಂದು ಹೇಳಿ ಅಲ್ಲೇ ತಡೆಯಿರಿ. ನಾಲಿಗೆಯ ಹಿಂಭಾಗ ಅಂಗುಳನ್ನು ಮುಟ್ಟಿದ ಜಾಗ ಗೊತ್ತಾಗುತ್ತದೆ. ಈಗ ಬಾಯನ್ನು ಇನ್ನಷ್ಟು ತೆರೆದು, ನಾಲಿಗೆಯ ಬುಡ ಕಿರುನಾಲಿಗೆಯ ಪಕ್ಕವನ್ನು ಮುಟ್ಟುವಷ್ಟು ಹಿಂದಕ್ಕೆ ಸರಿಸಿ ಮತ್ತೆ ಹೇಳಿ. ಗಂಟಲಲ್ಲಿ ಉಪ್ಪುನೀರು ಹಿಡಿದು ಗಳಗಳ ಮಾಡುವಾಗ ಎಲ್ಲಿ ನೀರು ನಿಲ್ಲುತ್ತದೋ ಸರಿಸುಮಾರು ಅದೇ ಜಾಗ. ಉಸಿರು ಉಜ್ಜಿಕೊಂಡು ಬಂದರೆ ಅದು ಖೇ. ಪೂರ್ತಿ ತಡೆದು ಬಿಟ್ಟರೆ ಕಾಫ್. ದಖನಿಯವರಾದ ನಿಮಗೆ ಈ ಒಂದು ವ್ಯತ್ಯಾಸ ಹಿಡಿದರೆ ಅರ್ಧ ಗೆದ್ದಂತೆ. ಐನ್ ಮತ್ತು ದೊಡ್ಡ ಹೇ ಎರಡೂ ಗಂಟಲಿನ ನಡುಭಾಗದವು. ಆ ಭಾಗವನ್ನು ಸ್ವಲ್ಪ ಬಿಗಿಹಿಡಿದು ದನಿ ಕೊಟ್ಟರೆ ಐನ್, ದನಿಯಿಲ್ಲದೆ ಉಸಿರು ಮಾತ್ರ ಬಿಟ್ಟರೆ ದೊಡ್ಡ ಹೇ. ಗಂಟಲ ಮೇಲೆ ಎರಡು ಬೆರಳಿಟ್ಟರೆ ಮೊದಲನೆಯದಕ್ಕೆ ಅದುರುವುದೂ ಎರಡನೆಯದಕ್ಕೆ ಅದುರದಿರುವುದೂ ತಿಳಿಯುತ್ತದೆ. ಸ್ವಾದ್ ಮತ್ತು ತೋಯ್ ನಾಲಿಗೆಯ ತುದಿಯಲ್ಲಿ ನಮ್ಮ ಸ, ತಗಳಿಗೆ ಹತ್ತಿರದವೇ; ನಾಲಿಗೆಯ ಹಿಂಭಾಗ ಮೇಲೇರಿ ಬಾಯಿ ತುಂಬಿದಂತಾಗಬೇಕು. ತೋಯ್ ಅನ್ನು ಟಕಾರ ಮಾಡಬೇಡಿ. ಜಾಲ್‌ಗೆ ನಾಲಿಗೆಯ ತುದಿ ಮೇಲಿನ ಮುಂದಿನ ಹಲ್ಲುಗಳ ಅಂಚನ್ನು ಮುಟ್ಟಬೇಕು.

ಜ್ವಾದ್ ಎಲ್ಲಕ್ಕಿಂತ ಕಷ್ಟದ್ದು. ನಾಲಿಗೆಯ ಬದಿ ಮೇಲಿನ ದವಡೆಹಲ್ಲುಗಳಿಗೆ ಒತ್ತಬೇಕಾದ ಈ ಅಕ್ಷರದ ಹೆಸರಿನಿಂದಲೇ ಅರಬರು ತಮ್ಮ ಭಾಷೆಯನ್ನು ಕರೆದುಕೊಳ್ಳುತ್ತಾರೆ. ನಮ್ಮಲ್ಲಿ ಕೆಲವರು ಅದನ್ನು ದಕಾರದ ಕಡೆಗೆ, ಕೆಲವರು ಜಕಾರದ ಕಡೆಗೆ ಎಳೆದು, ಅದಕ್ಕಾಗಿ ಮಸೀದಿಗಳಲ್ಲಿ ಜಗಳವನ್ನೂ ಆಡಿದ್ದಾರೆ. ಎರಡೂ ಕಡೆಯವರು ನಿಮ್ಮನ್ನು ಎಳೆಯಬಹುದು. ನೀವು ಕಲಿಸುವವರ ಬಾಯಿ ನೋಡಿ ನಿಮ್ಮ ಶಕ್ತಿಯಷ್ಟು ಮಾಡಿ, ವಾದಕ್ಕೆ ಇಳಿಯಬೇಡಿ. ಈ ಅಕ್ಷರವನ್ನು ಕೊನೆಗೆ ಇಟ್ಟುಕೊಳ್ಳುವುದೇ ಮೇಲು.

ಕನ್ನಡ ನಿಮ್ಮನ್ನು ಎಡವಿಸಿದ ಮಾತನ್ನು ಹೇಳಿದೆ. ಅದು ಕೈಹಿಡಿಯುವ ಜಾಗಗಳನ್ನೂ ಹೇಳಲೇಬೇಕು, ಏಕೆಂದರೆ ಇದನ್ನು ಯಾರೂ ನಿಮಗೆ ಹೇಳಿರಲಾರರು. ಬಿಸ್ಮಿಲ್ಲಾಹ್ ಸೇರಿ ಫಾತಿಹಾದಲ್ಲಿ 14 ತಶ್ದೀದ್‌ಗಳಿವೆ. ಕತೆಗೂ ಕತ್ತೆಗೂ, ಹಳಿಗೂ ಹಳ್ಳಿಗೂ ವ್ಯತ್ಯಾಸ ಬಲ್ಲ ನಾಲಿಗೆಗೆ ತಶ್ದೀದ್ ಹೊಸದಲ್ಲ, ಅದು ನಮ್ಮ ಒತ್ತಕ್ಷರವೇ. 'ಇಯ್ಯಾಕ' ಎಂಬಲ್ಲಿ ಒತ್ತು ಬಿಟ್ಟು 'ಇಯಾಕ' ಎಂದರೆ 'ನಿನ್ನನ್ನೇ' ಎಂಬುದು ಹೋಗಿ ಸೂರ್ಯನ ಬೆಳಕಿನ ಅರ್ಥ ಬಂದುಬಿಡುತ್ತದೆ ಎಂದು ವಿದ್ವಾಂಸರು ಎಚ್ಚರಿಸಿದ್ದಾರೆ. ಹಾಗೆಯೇ ಮದ್. ಶಾಲೆಯಲ್ಲಿ ಷಟ್ಪದಿಗೆ ಪ್ರಸ್ತಾರ ಹಾಕಿದ ನೆನಪಿದ್ದರೆ, ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಸಹಜ ಮದ್ ಎರಡು ಎಣಿಕೆಯದು, ಅಂದರೆ ನಮ್ಮ ದೀರ್ಘಾಕ್ಷರ. 'ವಲಜ್ಜಾಲ್ಲೀನ್' ಪದದ ಜ್ವಾದ್ ಮೇಲೆ ಅಲೆಯಂಥ ಗುರುತಿದೆ, ಅಲ್ಲಿ ಆರು ಎಣಿಸಬೇಕು. ಇನ್ನು ನೂನ್ ಸಾಕಿನ್, ಅಂದರೆ ಸ್ವರವಿಲ್ಲದ ನಕಾರದ ನಿಯಮಗಳು. ಹೆಸರು ಕೇಳಿಯೇ ಜನ ಹೆದರುತ್ತಾರೆ, ಆದರೆ 'ಅಂಬರ' ಎಂದು ಬರೆದು 'ಅಮ್ಬರ' ಎಂದು ಓದುವ ಕನ್ನಡಿಗ ದಿನವೂ ಇಕ್ಲಾಬ್ (ನಕಾರವನ್ನು ಮಕಾರವಾಗಿ ನುಡಿಯುವುದು) ಮಾಡುತ್ತಿದ್ದಾನೆ; 'ಮಿನ್' ಮುಂದೆ ಬೇ ಬಂದಾಗ 'ಮಿಮ್' ಆಗುವುದೂ ಅದೇ ರೀತಿ. ಮುಂದೆ ಬಂದಾಗ ನೂನ್ ದನಿಯನ್ನು ಮರೆಮಾಡಿ ನುಡಿಯಬೇಕಾದ, ಇಖ್ಫಾದ ಹದಿನೈದು ಅಕ್ಷರಗಳಲ್ಲಿ ಮಾತ್ರ ಎಚ್ಚರವಿರಲಿ. ನಮ್ಮ 'ಅಂತ' ಎಂಬಲ್ಲಿ ನಾಲಿಗೆ ಹಲ್ಲಿಗೆ ಪೂರ್ತಿ ಒತ್ತುತ್ತದೆ; ಇಖ್ಫಾದಲ್ಲಿ ಹಾಗೆ ಒತ್ತದೆ, ಎರಡು ಎಣಿಕೆಯ ಕಾಲ ದನಿಯನ್ನು ಮೂಗಿನಲ್ಲಿ ಹಿಡಿಯಬೇಕು. 'ಅನ್‌ಅಮ್ತ' ಎಂಬಲ್ಲಿ ನೂನ್ ಮುಂದೆ ಐನ್ ಇರುವುದರಿಂದ ಮೂಗಿನಲ್ಲಿ ಎಳೆಯದೆ ನೇರವಾಗಿ ನುಡಿಯಬೇಕು. ಅದೇ ಪದದ ಕೊನೆಯ ಜಬರ್ ಅನ್ನು ಪೇಶ್ ಮಾಡಿ 'ಅನ್‌ಅಮ್ತು' ಎಂದರೆ 'ನೀನು ಅನುಗ್ರಹಿಸಿದೆ' ಎಂಬುದು 'ನಾನು ಅನುಗ್ರಹಿಸಿದೆ' ಎಂದಾಗುತ್ತದೆ. ಮೇಲೆ ಹೇಳಿದ ಉಕಾರದ ಚಟ ಇರುವವರು ಇಲ್ಲಿ ವಿಶೇಷವಾಗಿ ಜಾಗರೂಕರಾಗಿರಬೇಕು.

ಕನ್ನಡ ಲಿಪಿಯ ಪುಸ್ತಕದ ಬಗ್ಗೆ ನನ್ನ ಅಭಿಪ್ರಾಯ ಖಚಿತವಾದದ್ದು. ಅದು ನಿಮ್ಮನ್ನು ಇಷ್ಟು ವರ್ಷ ನಮಾಜಿನಲ್ಲಿ ನಿಲ್ಲಿಸಿತು, ಅದಕ್ಕೆ ಕೃತಜ್ಞರಾಗಿರಿ. ಇನ್ನು ಮೇಲೆ ಅದನ್ನು ಮುಚ್ಚಿಡಿ. ಅದರಲ್ಲಿ ಒಂದು ಸ ಮೂರು ಅಕ್ಷರಗಳ ಕೆಲಸ ಮಾಡುತ್ತದೆ, ಒಂದು ಜ ಐದರ ಕೆಲಸ ಮಾಡುತ್ತದೆ, ಅಲೀಫ್‌ಗೂ ಐನ್‌ಗೂ ಒಂದೇ ಅ. ಕಣ್ಣು ಒಂದೇ ಎಂದು ನೋಡಿದ್ದನ್ನು ಕಿವಿ ಬೇರೆ ಎಂದು ಕೇಳುವುದು ಬಹಳ ಕಷ್ಟ. 49 ಅಕ್ಷರಗಳ ವರ್ಣಮಾಲೆಯನ್ನೂ ಅದರ ಕಾಗುಣಿತವನ್ನೂ ಕಲಿತವರಿಗೆ ಅರಬಿ ಅಕ್ಷರ ಕಲಿಸುವ ಕಾಯಿದಾ ಪುಸ್ತಕದ ಅಕ್ಷರಗಳು ಹೊರೆಯಲ್ಲ. ದಿನಕ್ಕೆ ಎರಡು ಅಕ್ಷರ ಬರೆದು ಕಲಿತರೆ ಎರಡು ವಾರ. ಅರ್ಥ ತಿಳಿಯಲು ಕನ್ನಡ ಅನುವಾದವನ್ನು ಅಗತ್ಯವಾಗಿ ಇಟ್ಟುಕೊಳ್ಳಿ, ಅದು ಬೇರೆಯದೇ ಪ್ರಯೋಜನದ್ದು. ಮಗನ ಮುಸ್‌ಹಫ್‌ನಲ್ಲಿಯೂ (ಕುರ್‌ಆನ್ ಪ್ರತಿಯಲ್ಲಿಯೂ) ಮೊಬೈಲ್‌ನಲ್ಲಿಯೂ ಗುರುತುಗಳು ಬೇರೆ ಬೇರೆ ಕಂಡರೆ ಗಾಬರಿಯಾಗಬೇಡಿ. ಒಂದು ನಮ್ಮ ದೇಶದ ಮುದ್ರಣದ ಪದ್ಧತಿ, ಇನ್ನೊಂದು ಮದೀನಾ ಮುದ್ರಣದ್ದು. ಎರಡೂ ಕೂಫಾದ ಇಮಾಮ್ ಆಸಿಮ್ ಅವರಿಂದ ಅವರ ಶಿಷ್ಯ ಹಫ್ಸ್ ಪಡೆದ ಒಂದೇ ಓದನ್ನು ಬರೆದು ತೋರಿಸುತ್ತವೆ. ಕಲಿಕೆ ಮುಗಿಯುವವರೆಗೆ ಒಂದನ್ನೇ ಹಿಡಿಯಿರಿ, ಮತ್ತು ಅದು ಮಗನದಾಗಿರಲಿ.

ಯಾರಿಂದ ಕಲಿಯಬೇಕು ಎಂಬುದು ಉಳಿದಿದೆ. ಎದುರು ಕೂತು ಬಾಯಿ ನೋಡಿ ಕಲಿಯುವುದಕ್ಕೆ ಸಮನಾದದ್ದು ಇಲ್ಲ; ಈ ವಿದ್ಯೆ ಬಾಯಿಂದ ಕಿವಿಗೆ ಹಾಗೆಯೇ ಬಂದದ್ದು. ಆದರೆ ಕುರ್‌ಆನ್ ಪೂರ್ತಿ ಬಾಯಿಪಾಠವಿರುವ ಹಾಫಿಜ್‌ಗಳೆಲ್ಲ ಉಚ್ಚಾರಣೆ ಕಲಿಸಲು ತರಬೇತಾದವರಲ್ಲ. ಮೊದಲ ದಿನವೇ ಒಂದು ಸಂಗತಿ ಗಮನಿಸಿ: ಅವರು ನಿಮ್ಮನ್ನು ಒಂಟಿಯಾಗಿ ಓದಿಸಿ, ತಪ್ಪಾದಲ್ಲಿ ನಿಲ್ಲಿಸಿ, ನಾಲಿಗೆ ಎಲ್ಲಿಡಬೇಕೆಂದು ಹೇಳುತ್ತಾರೆಯೇ, ಅಥವಾ ಗುಂಪಿನ ಓದಿನಲ್ಲಿ ಸೇರಿಸಿ 'ಮಾಷಾ ಅಲ್ಲಾಹ್' ಎಂದು ಕಳಿಸುತ್ತಾರೆಯೇ. ಗುಂಪಿನ ಓದಿನಲ್ಲಿ ನಿಮ್ಮ ತಪ್ಪು ನಿಮಗೇ ಕೇಳಿಸದು. ಮಕ್ಕಳ ನಡುವೆ ಕೂರುವುದು ಸಂಕೋಚವೆನಿಸಿದರೆ ರಾತ್ರಿಯ ಇಶಾ ನಮಾಜಿನ ನಂತರ ಹದಿನೈದು ನಿಮಿಷ ಕೊಡಲು ಮಕ್ತಬ್‌ನ ಹಜರತ್ ಅವರನ್ನು ಕೇಳಿ. ಶಿಡ್ಲಘಟ್ಟದಂಥ ಊರಿನಲ್ಲಿ ನಿಮ್ಮಂಥವರು ನಾಲ್ಕು ಜನ ಸಿಗುವುದು ಕಷ್ಟವಲ್ಲ.

ಮೊಬೈಲ್ ಮೂಲಕ ಕಲಿಸುವವರಲ್ಲೂ ಒಳ್ಳೆಯವರಿದ್ದಾರೆ, ಆದರೆ ಕರೆಯಲ್ಲಿ ದನಿ ಸೊರಗುತ್ತದೆ. ಸೀನ್, ಸ್ವಾದ್, ಸೇ ಮೂರೂ ಒಂದೇ ಆಗಿ ಕೇಳಿಸಿ, ಕಲಿಸುವವರು ಸರಿ ಎಂದದ್ದು ತಪ್ಪಾಗಿರುವ ಅಪಾಯವಿದೆ. ಆ ದಾರಿ ಹಿಡಿದರೆ ತಿಂಗಳಿಗೊಮ್ಮೆಯಾದರೂ ಎದುರು ಕೂತು ಯಾರಿಗಾದರೂ ಓದಿ ಒಪ್ಪಿಸಿ. ತಪ್ಪು ಹಿಡಿಯುವ ಆ್ಯಪ್‌ಗಳು ಪದ ಬಿಟ್ಟುಹೋದದ್ದನ್ನು ಹೇಳುತ್ತವೆ, ಬಾಯಿಪಾಠ ಗಟ್ಟಿಮಾಡಲು ಉಪಯುಕ್ತ. ಅಕ್ಷರ ಹುಟ್ಟುವ ಜಾಗದ ವಿಷಯದಲ್ಲಿ ಅವುಗಳ ತೀರ್ಪನ್ನು ನಾನು ನಂಬುವುದಿಲ್ಲ. ಕೇಳಲು ಈಜಿಪ್ಟಿನ ಖಾರಿ (ಕುರ್‌ಆನ್ ಓದುಗ) ಮಹಮೂದ್ ಖಲೀಲ್ ಅಲ್ ಹುಸರಿ (1917–1980) ಅವರ ನಿಧಾನದ ಓದನ್ನು ಆರಿಸಿಕೊಳ್ಳಿ. 1961ರಲ್ಲಿ ಇಡೀ ಕುರ್‌ಆನ್ ಅನ್ನು ಧ್ವನಿಮುದ್ರಣದಲ್ಲಿ ಕೊಟ್ಟ ಅವರ ಓದಿನಲ್ಲಿ ಅಲಂಕಾರ ಕಡಿಮೆ, ಪ್ರತಿ ಅಕ್ಷರ ಬಿಡಿಬಿಡಿಯಾಗಿ ಕೇಳಿಸುತ್ತದೆ. ರಾಗವಾಗಿ ಓದುವ ಪ್ರಸಿದ್ಧರನ್ನು ಅನುಕರಿಸುವ ಆಸೆ ಸದ್ಯಕ್ಕೆ ಬೇಡ. ರಾಗ ತಜ್ವೀದ್ ಅಲ್ಲ, ಮತ್ತು ರಾಗದ ಕೆಳಗೆ ತಪ್ಪು ಅಡಗಿಕೊಳ್ಳುತ್ತದೆ.

ಯಂತ್ರ ಓಡುವ ಘಟಕದಲ್ಲಿ ಅಭ್ಯಾಸ ಮಾಡುವ ಯೋಚನೆಯಿದ್ದರೆ ಬಿಟ್ಟುಬಿಡಿ. ಸದ್ದಿನಲ್ಲಿ ನಿಮ್ಮ ದನಿ ನಿಮಗೆ ಕೇಳಿಸದೆ ಹಳೆಯ ತಪ್ಪೇ ಗಟ್ಟಿಯಾಗುತ್ತದೆ. ಮುಂಜಾನೆಯ ಫಜ್ರ್ ನಮಾಜಿನ ನಂತರ, ಬಾಯ್ಲರ್‌ಗೆ ಬೆಂಕಿ ಹಾಕುವ ಮುಂಚಿನ ಹದಿನೈದು ನಿಮಿಷ ಸಾಕು. ಮೊದಲ ತಿಂಗಳು ದೊಡ್ಡ ಕಾಫ್ ಮತ್ತು ದೊಡ್ಡ ಹೇ, ಎರಡನೆಯ ತಿಂಗಳು ಐನ್, ಮೂರನೆಯದರಲ್ಲಿ ಉಳಿದವು. ನನ್ನ ಬಳಿ ಕಲಿತ ಹೆಚ್ಚಿನ ದೊಡ್ಡವರಿಗೆ ಫಾತಿಹಾಗೆ ಇಷ್ಟು ಸಮಯ ಹಿಡಿದಿದೆ. ಅದಾದ ಮೇಲೆ ಕುಲ್ ಹುವಲ್ಲಾಹು, ಆಮೇಲೆ ಉಳಿದ ಸಣ್ಣ ಸೂರಾಗಳು. ಈ ನಡುವೆ ನಮಾಜಿನಲ್ಲಿ ಪ್ರತಿ ಅಕ್ಷರವನ್ನೂ ತಡಕಾಡುತ್ತ ನಿಲ್ಲಬೇಡಿ. ಅಂದಿಗೆ ಎಷ್ಟು ಬರುತ್ತದೋ ಅಷ್ಟರಲ್ಲಿ ಓದಿ ಮುಗಿಸಿ, ತಿದ್ದುವುದನ್ನು ನಮಾಜಿನ ಹೊರಗೆ ಮಾಡಿ. ಅದನ್ನು ಬಿಟ್ಟು ಒಂದೇ ಪದವನ್ನು ಹತ್ತು ಸಲ ತಿರುಗಿಸುವ ಚಟಕ್ಕೆ ಬಿದ್ದವರು ಕೊನೆಗೆ ನಮಾಜನ್ನೇ ತಪ್ಪಿಸುವುದನ್ನು ನಾನು ಕಂಡಿದ್ದೇನೆ.

ಇಂದು ರಾತ್ರಿಯೇ ಫಾತಿಹಾವನ್ನು ಮೊಬೈಲ್‌ನಲ್ಲಿ ಒಮ್ಮೆ ದಾಖಲಿಸಿ ದಿನಾಂಕ ಬರೆದಿಡಿ. ಆಮೇಲೆ ಮಗನನ್ನು ಕೂರಿಸಿಕೊಂಡು 'ಮುಸ್ತಕೀಮ್' ಎಂಬ ಒಂದೇ ಪದವನ್ನು ಅವನಿಗೆ ಒಪ್ಪಿಸಿ. ಇಡೀ ಸೂರಾದ ಒಂದೇ ಒಂದು ದೊಡ್ಡ ಕಾಫ್ ಅದರಲ್ಲಿದೆ.